ಮುಖ ನೋಡಿದರೆ ನಿಮಗೆ ಗೊತ್ತಾಗುವುದಿಲ್ಲವೇ?

ನನ್ನ ಬಳಿ ಮನೋಚಿಕಿತ್ಸೆಗೆ ಬರುವವರು ಎರಡನೆಯ ಅಥವಾ ಮೂರನೆಯ ಭೇಟಿಯ ಹೊತ್ತಿಗೆ ತಪ್ಪದೆ ಕೇಳುವ ಪ್ರಶ್ನೆ ಇದು: ‘ಹೇಗಿದ್ದೇವೆ ಎಂದು ಪ್ರತಿ ಸಲವೂ ಈ ಹಾಳೆಯ ಮೇಲೆ ಗುರುತು ಹಾಕಿಸುತ್ತೀರಲ್ಲ, ಇಷ್ಟು ಅನುಭವ ಇರುವ ನಿಮಗೆ ನಮ್ಮ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ?’ ಗೊತ್ತಾಗುವುದಿಲ್ಲ. ಅದರಲ್ಲೂ ಗೊತ್ತಾಗಲೇಬೇಕಾದ ಕಡೆ ಗೊತ್ತಾಗುವುದಿಲ್ಲ.

ಇದು ವಿನಯದ ಮಾತಲ್ಲ. ಅಮೆರಿಕದ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿಯೇ ನೋಡಿದರು. ಚಿಕಿತ್ಸೆ ಪಡೆಯುತ್ತಿದ್ದ 550 ಮಂದಿಯಲ್ಲಿ ಯಾರು ಇನ್ನಷ್ಟು ಹದಗೆಡಬಹುದು ಎಂದು ಅವರವರ ಚಿಕಿತ್ಸಕರನ್ನೇ ಕೇಳಿದರು. ಸುಮಾರು ಶೇ 8ರಷ್ಟು ಜನ ಹದಗೆಡುವುದು ವಾಡಿಕೆ ಎಂದು ಮೊದಲೇ ತಿಳಿಸಿಯೂ ಇದ್ದರು. ಚಿಕಿತ್ಸಕರು ಬೊಟ್ಟು ಮಾಡಿದ್ದು ಮೂವರನ್ನು. ಹದಗೆಟ್ಟವರು 40 ಮಂದಿ. ಊಹೆ ನಿಜವಾದದ್ದು ಒಬ್ಬರ ವಿಷಯದಲ್ಲಿ ಮಾತ್ರ. 2005ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದ ಮೇಲೂ ‘ನನ್ನ ಕಣ್ಣಿಗೆ ಎಲ್ಲವೂ ಕಾಣುತ್ತದೆ’ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಧೈರ್ಯ ದೊಡ್ಡದು.

ಲ್ಯಾಂಬರ್ಟ್ ಅವರ ಬಳಗ ಬಳಸಿದ್ದು 45 ಪ್ರಶ್ನೆಗಳ ಒಂದು ಪಟ್ಟಿ. ಭೇಟಿಗೆ ಮುಂಚೆ ಕಾಯುವ ಕೋಣೆಯಲ್ಲೇ ತುಂಬಬಹುದು. ಇಂಥ ಸ್ಥಿತಿಯಲ್ಲಿ ಬಂದವರು ಇಷ್ಟು ಭೇಟಿಗಳಾದ ಮೇಲೆ ಸಾಮಾನ್ಯವಾಗಿ ಎಲ್ಲಿರುತ್ತಾರೆ ಎಂಬುದರೊಂದಿಗೆ ಅಂಕವನ್ನು ಹೋಲಿಸುತ್ತಾರೆ. ದಾರಿ ತಪ್ಪಿದ್ದರೆ ಚಿಕಿತ್ಸಕರಿಗೆ ಕೆಂಪು ಗುರುತು ಹೋಗುತ್ತದೆ. ನಾನು ಬಳಸುವುದು ಸ್ಕಾಟ್ ಮಿಲ್ಲರ್ ಮತ್ತು ಬ್ಯಾರಿ ಡಂಕನ್ ರೂಪಿಸಿದ, ಇನ್ನೂ ಚಿಕ್ಕದಾದ ಹಾಳೆಯನ್ನು. ಹತ್ತು ಸೆಂಟಿಮೀಟರಿನ ನಾಲ್ಕು ಗೆರೆಗಳು: ನಿಮ್ಮ ಮನಸ್ಸು ಹೇಗಿದೆ, ಮನೆಯವರೊಂದಿಗೆ ಹೇಗಿದೆ, ಹೊರಗಿನ ಜೀವನ ಹೇಗಿದೆ, ಒಟ್ಟಾರೆ ಹೇಗಿದ್ದೀರಿ. ಗೆರೆಯ ಮೇಲೆ ಒಂದೊಂದು ಗೀಟು ಹಾಕಿದರೆ ಆಯಿತು; ಬಲಕ್ಕೆ ಹೋದಷ್ಟೂ ಒಳ್ಳೆಯದು, ಸೆಂಟಿಮೀಟರಿಗೆ ಒಂದು ಅಂಕ. ಭೇಟಿ ಮುಗಿಯುವಾಗ ಅಂಥದ್ದೇ ಇನ್ನೊಂದು ಹಾಳೆ. ಅದರಲ್ಲಿ ಅಳೆಯುವುದು ನಿಮ್ಮನ್ನಲ್ಲ, ನನ್ನನ್ನು.

ಕಷ್ಟವಿರುವುದು ಈ ಎರಡನೆಯ ಹಾಳೆಯಲ್ಲಿ. ಬಡಿಸಿದವರೇ ಎದುರು ನಿಂತು ಊಟ ಹೇಗಿತ್ತು ಎಂದು ಕೇಳಿದರೆ ಉಪ್ಪು ಹೆಚ್ಚಾಯಿತು ಎನ್ನುವವರು ನಮ್ಮಲ್ಲಿ ಎಷ್ಟು ಮಂದಿ? ನಾಲ್ಕೂ ಗೀಟುಗಳನ್ನು ಬಲತುದಿಗೆ ಒತ್ತಿ, ‘ಎಲ್ಲಾ ಚೆನ್ನಾಗಿದೆ ಮೇಡಂ’ ಎಂದು ಹಾಳೆ ಮಡಚಿ ಕೊಡುತ್ತಾರೆ. ನಲವತ್ತಕ್ಕೆ ನಲವತ್ತು ಬಂದರೆ ನನಗೇನೂ ಸಂತೋಷವಿಲ್ಲ. ಒಬ್ಬರು ‘ಮಾತನಾಡಬೇಕೆಂದಿದ್ದ ವಿಷಯವನ್ನೇ ಮಾತನಾಡಿದೆವು’ ಎಂಬ ಗೆರೆಯ ಗೀಟನ್ನು ಮಾತ್ರ ಅರ್ಧ ಬೆರಳಿನಷ್ಟು ಎಡಕ್ಕೆ ಹಾಕಿದ್ದರು. ಇದೇಕೆ ಇಲ್ಲಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತು, ಅಂದು ಮಾತನಾಡಿದ ಸಿಟ್ಟಿನ ವಿಷಯ ಮನೆಯವರು ಹೇಳಿ ಕಳಿಸಿದ್ದು, ತನಗೆ ನಿದ್ದೆ ಬರದಿರುವುದು ಮನೆಯವರಿಗೆ ತಿಳಿಯದ ಕೈಸಾಲದಿಂದ ಎಂದರು. ಚಿಕಿತ್ಸೆ ಶುರುವಾದದ್ದೇ ಅಲ್ಲಿಂದ.

ಆದ್ದರಿಂದ ಹಾಳೆಯನ್ನು ಏಕಾಂತದಲ್ಲೇ ತುಂಬಿಸಬೇಕು. ಜೊತೆಗೆ ಬಂದ ಗಂಡನೇ ಪೆನ್ನು ತೆಗೆದುಕೊಂಡು ‘ಇವಳಿಗೆ ಈಗ ಪರವಾಗಿಲ್ಲ’ ಎಂದು ಗೀಟೆಳೆಯುವುದು ಅಪರೂಪವೇನಲ್ಲ.

ಇದರಿಂದ ನಿಜಕ್ಕೂ ಗುಣ ಹೆಚ್ಚುತ್ತದೆಯೇ? ನಾರ್ವೆಯಲ್ಲಿ 205 ದಂಪತಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಳೆ ಬಳಸಿದ ಗುಂಪಿನಲ್ಲಿ ಗಮನಾರ್ಹವಾಗಿ ಚೇತರಿಸಿಕೊಂಡವರ ಪ್ರಮಾಣ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಇದೊಂದನ್ನೇ ಹಿಡಿದು ಕುಣಿಯುವವರು ನೆದರ್ಲೆಂಡ್ಸ್‌ನ ತುರ್ತು ಮನೋವೈದ್ಯಕೀಯ ಚಿಕಿತ್ಸೆಯ ಅಧ್ಯಯನವನ್ನೂ ನೋಡಬೇಕು. ಅಲ್ಲಿ ಲಾಭ ಕಾಣಲಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಸಿಗುವ ಸರಾಸರಿ ಲಾಭ ಸಣ್ಣದು, ಆದರೆ ನಡುವೆಯೇ ಚಿಕಿತ್ಸೆ ಬಿಟ್ಟು ಹೋಗುವವರು ಕಡಿಮೆಯಾಗುತ್ತಾರೆ. ನನಗೆ ಅಷ್ಟು ಸಾಕು. ಬಿಟ್ಟು ಹೋದವರಿಗೆ ಯಾರೂ ಏನೂ ಮಾಡಲಾಗುವುದಿಲ್ಲ.

ಹಾಳೆಯನ್ನು ತುಂಬಿಸಿ ಸುಮ್ಮನೆ ಕಡತಕ್ಕೆ ಸೇರಿಸಿದರೆ ಏನೂ ಆಗದು. ಎದುರಿಗಿಟ್ಟುಕೊಂಡು ಆಗಲೇ ಮಾತನಾಡಬೇಕು. ಆಡಳಿತದವರು ಈ ಅಂಕಗಳಿಂದ ಚಿಕಿತ್ಸಕರ ಬಡ್ತಿ ತೀರ್ಮಾನಿಸಲು ಹೊರಟರೆ ಇನ್ನೂ ಕೆಡುತ್ತದೆ. ಆಗ ಎಲ್ಲರ ಗೀಟೂ ಬಲಕ್ಕೇ ಓಡುತ್ತದೆ.

ನಿಮ್ಮ ಚಿಕಿತ್ಸಕರು ಇಂಥ ಹಾಳೆ ಬಳಸದಿದ್ದರೆ ನೀವೇ ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಹತ್ತಕ್ಕೆ ಅಂಕ ಬರೆದಿಡಿ. ನಾಲ್ಕೈದು ಭೇಟಿ ಕಳೆದರೂ ಅಲುಗಾಟವಿಲ್ಲದಿದ್ದರೆ ಅದನ್ನು ಮುಂದಿಟ್ಟು ಕೇಳಿ: ವಿಧಾನ ಬದಲಿಸೋಣವೇ, ಔಷಧಿಗಾಗಿ ಮನೋವೈದ್ಯರನ್ನು ಕಾಣಲೇ, ಬೇರೆ ಯಾರಾದರೂ ನನಗೆ ಹೊಂದಬಹುದೇ? ಹೀಗೆ ಕೇಳಿದ್ದಕ್ಕೆ ಸಿಟ್ಟಾದರೆ, ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.