ಮೋಆಬ್ ಬಂಡೆ, 35 ಇಂಚಿನ ಟೈರ್, ಭಾವನ ಜೀಪು

ಕೊಲರಾಡೋದ ಡೆನ್ವರ್‌ನಿಂದ, ಜೀಪಿನಲ್ಲಿ ಬಂಡೆ ಹತ್ತುವವರ ಊರಾದ ಯೂಟಾದ ಮೋಆಬ್‌ಗೆ ಹೆಚ್ಚುಕಡಿಮೆ 570 ಕಿಲೋಮೀಟರ್. ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಆರು ಗಂಟೆ ಅಂತ ಫೋನು ತೋರಿಸುತ್ತದೆ. ಭಾವನ ಜೀಪಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ ಅಂತ ಗುಡ್ಡ ಶುರುವಾದ ಕೂಡಲೇ ಗೊತ್ತಾಯಿತು.

ಜೀಪು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. 2014ರ ರ್‍ಯಾಂಗ್ಲರ್ ಸ್ಪೋರ್ಟ್, ಎರಡು ಬಾಗಿಲಿನದು, 3.6 ಲೀಟರ್ ವಿ6, ಐದು ಗೇರಿನ ಆಟೋಮ್ಯಾಟಿಕ್. ಕಂಪನಿಯಿಂದ ಬರುವಾಗ ಅದಕ್ಕೆ 29 ಇಂಚು ಚಿಲ್ಲರೆ ಎತ್ತರದ ಟೈರು, ಆಕ್ಸಲ್ ಒಳಗೆ 3.21ರ ಕ್ರೌನ್-ಪಿನಿಯನ್ ಅನ್ನುವ ಗೇರ್ ಜೋಡಿ. ಅಂದರೆ ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ 3.21 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಭಾವ ಅದಕ್ಕೆ ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿ 35 ಇಂಚಿನ ಟೈರು ಏರಿಸಿದ್ದರು. ಒಂದೊಂದು ಟೈರು ಹತ್ತಿರ ಹತ್ತಿರ 30 ಕೆಜಿ. ನೋಡೋಕೆ ಜಬರ್ದಸ್ತ್, ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿದರೆ ನಾಲ್ಕು ಜನ ಬಂದು ಮಾತಾಡಿಸುತ್ತಾರೆ. ಆಕ್ಸಲ್ ಒಳಗಿನ ಗೇರ್ ಮಾತ್ರ ಹಳೆಯದೇ. ಟೈರು ಹಾಕಿದ ಅಂಗಡಿಯವರು ಆ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಲೆಕ್ಕ ಸುಲಭ. 35ನ್ನು 29.3ರಿಂದ ಭಾಗಿಸಿದರೆ 1.19. ಟೈರು ಅಷ್ಟು ಪಟ್ಟು ದೊಡ್ಡದಾಯಿತು ಅಂದರೆ ಗೇರ್ ಅಷ್ಟು ಪಟ್ಟು ಸಣ್ಣದಾದ ಹಾಗೆ. 3.21 ಇದ್ದದ್ದು 2.69ರ ಹಾಗೆ ಕೆಲಸ ಮಾಡುತ್ತದೆ. ಆಗುಂಬೆ ಘಾಟಿಯನ್ನು ಸೈಕಲ್ಲಿನ ಟಾಪ್ ಗೇರಿನಲ್ಲಿ ಹತ್ತಿ ನೋಡಿ, ಅದೇ ಅವಸ್ಥೆ. ಇನ್ನೊಂದು ತಮಾಷೆ ಸ್ಪೀಡೋಮೀಟರಿನದು. ಟೈರು ಬದಲಾಗಿದ್ದನ್ನು ಜೀಪಿನ ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ಮುಳ್ಳು 60 ಮೈಲಿಯಲ್ಲಿದ್ದರೆ ಫೋನು 70 ದಾಟಿಸಿ ತೋರಿಸುತ್ತಿತ್ತು. "ಭಾವ, ಪೊಲೀಸ್ ಹಿಡಿದರೆ ಏನಂತ ಹೇಳ್ತೀರಿ?" ಅಂದೆ. "ನೀನು ಫೋನ್ ನೋಡಿ ಕೂಗ್ತಾ ಇರು" ಅಂದರು. ಹಾಗೇ ಮಾಡಿದ್ದೂ ಆಯಿತು.

ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ಗಾಳಿ ತೆಳುವಾಗುತ್ತದೆ, ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಗಿಯೇ ಬಿಡುತ್ತದೆ. ಮೊದಲೇ ಈ ವಿ6ರ ಪೂರ್ತಿ ಟಾರ್ಕ್ ಸಿಗುವುದು 4800 ಆರ್‌ಪಿಎಂನಲ್ಲಿ. ಟೈರು ದೊಡ್ಡದಾಗಿ ಆರ್‌ಪಿಎಂ ಕೆಳಗಿಳಿದಿದೆ. ಐದನೇ ಗೇರು ಅಲಂಕಾರಕ್ಕೆ. ನಾಲ್ಕಕ್ಕೆ ಬೀಳುತ್ತದೆ, ಸಾಲಲ್ಲ, ಮೂರಕ್ಕೆ ಬೀಳುತ್ತದೆ, ಇಂಜಿನ್ ಕಿರುಚುತ್ತದೆ, ಸ್ವಲ್ಪ ವೇಗ ಬಂತು ಅಂತ ಮತ್ತೆ ನಾಲ್ಕಕ್ಕೆ ಹೋಗುತ್ತದೆ, ಮತ್ತೆ ಉಸಿರು ಕಟ್ಟುತ್ತದೆ. ಕೊನೆಗೆ ಭಾವ ಲಿವರನ್ನು ಮೂರರಲ್ಲೇ ಹಿಡಿದು ಲಾರಿಗಳ ಲೇನಿಗೆ ಬಂದರು. ಲಾರಿಗಳೂ ನಮ್ಮನ್ನು ದಾಟಿದವು. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಇದರದ್ದೇ ಉಲ್ಟಾ ತೊಂದರೆ. ಗೇರು ಗಾಡಿಯನ್ನು ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ, ಅದೂ ಸಣ್ಣ ಟೈರಿಗೆ ಅಂತ ಮಾಡಿದ ಬ್ರೇಕಿನ ಮೇಲೆ.

ಗ್ಲೆನ್‌ವುಡ್ ಕಣಿವೆ, ಗ್ರ್ಯಾಂಡ್ ಜಂಕ್ಷನ್, ಯೂಟಾ ಗಡಿ ಎಲ್ಲ ಸಲೀಸು. ಹೆದ್ದಾರಿ ಬಿಟ್ಟು 128ನೇ ರಸ್ತೆಗೆ ತಿರುಗಿ, ಕೊಲರಾಡೋ ನದಿಯ ದಂಡೆಯಲ್ಲೇ ಕೆಂಪು ಗೋಡೆಗಳ ನಡುವೆ ಊರು ಸೇರಿಕೊಳ್ಳಿ. ಮುಖ್ಯ ರಸ್ತೆಗಿಂತ ಇದೇ ಚಂದ.

ಮೋಆಬ್ ಸಣ್ಣ ಊರು, ಆದರೆ ರಸ್ತೆಯಲ್ಲಿ ಕಾರಿಗಿಂತ ಜೀಪುಗಳೇ ಜಾಸ್ತಿ ಅನ್ನಿಸುತ್ತದೆ. ಈಸ್ಟರ್ ಸಮಯದಲ್ಲಿ 1967ರಿಂದ ಇಲ್ಲಿ ಜೀಪ್ ಸಫಾರಿ ನಡೆಯುತ್ತಿದೆ. ನಾವು ಆ ಗದ್ದಲ ಇಲ್ಲದಾಗ ಹೋದೆವು. ಭಾವನ ಗೆಳೆಯರೊಬ್ಬರು, ತೀರ್ಥಹಳ್ಳಿಯವರು, ಸಾಲ್ಟ್ ಲೇಕ್ ಸಿಟಿಯಿಂದ ತಮ್ಮ ರೂಬಿಕಾನ್ ತಂದಿದ್ದರು, ಅದು ಇದೇ ಜೀಪಿನ ಗಟ್ಟಿ ಮಾಡೆಲ್. ಅವರದ್ದೂ 35 ಇಂಚಿನ ಟೈರೇ, ಅದೇ ಇಂಜಿನ್, ಅದೇ ಗೇರ್‌ಬಾಕ್ಸ್. ವ್ಯತ್ಯಾಸ ಕೆಳಗೆ: ಎರಡೂ ಆಕ್ಸಲ್ಲಿನಲ್ಲಿ 4.88, ಮತ್ತು ರೂಬಿಕಾನಿನ ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಲೋ, ಅಂದರೆ ನಿಧಾನದ ಗೇರು, 4:1. ನಮ್ಮದರಲ್ಲಿ ಅದು 2.72.

ನಾಲ್ಕೂ ಚಕ್ರಕ್ಕೆ ಆ ಲೋ ಹಾಕಿ (ಫೋರ್-ಲೋ) ಒಂದನೇ ಗೇರಿನಲ್ಲಿ ಇಂಜಿನ್ ಎಷ್ಟು ಸುತ್ತಿದರೆ ಚಕ್ರ ಒಂದು ಸುತ್ತು ಅನ್ನುವುದಕ್ಕೆ ಕ್ರಾಲ್ ರೇಶಿಯೋ ಅನ್ನುತ್ತಾರೆ. ಒಂದನೇ ಗೇರಿನ 3.59, ಟ್ರಾನ್ಸ್‌ಫರ್ ಕೇಸು, ಆಕ್ಸಲ್ಲು, ಮೂರನ್ನೂ ಗುಣಿಸಬೇಕು. ಅವರದ್ದು 70, ನಮ್ಮದು 31. ಕಾಗದದ ಮೇಲೆ ಇದು ಬರೀ ಅಂಕಿ. ಮೋಆಬಿನ ಹೆಲ್ಸ್ ರಿವೆಂಜ್ ಅನ್ನುವ ಬಂಡೆ ದಾರಿಯಲ್ಲಿ (ಟ್ರೇಲ್) ಇದರ ಅರ್ಥ ಬೇರೆ.

ಆ ಟ್ರೇಲ್ ಶುರುವಾಗುವುದೇ ಒಂದು ಬಂಡೆಯ ಬೆನ್ನಿನ ಮೇಲೆ. ಎರಡೂ ಕಡೆ ಇಳಿಜಾರು, ಜೀಪಿನ ಅಗಲಕ್ಕಿಂತ ಸ್ವಲ್ಪವೇ ಜಾಸ್ತಿ ಜಾಗ. ಹಿಂದೆ ಹೋದ ಗಾಡಿಗಳ ಟೈರಿನ ಕಪ್ಪು ಗೆರೆಯೇ ದಾರಿ. ಟೈರಿನ ಗಾಳಿ 16 ಪಿಎಸ್‌ಐಗೆ ಇಳಿಸಿಕೊಂಡು ಹೊರಟೆವು. ರೂಬಿಕಾನ್ ಗೊಣಗುತ್ತಾ ನಡಿಗೆಗಿಂತ ನಿಧಾನ ಹತ್ತಿತು. ಭಾವ ಅಷ್ಟೇ ನಿಧಾನ ಹೋಗಲು ನೋಡಿದರೆ ಜೀಪು ಅರ್ಧ ಏರಿನಲ್ಲಿ ನಿಂತೇಬಿಟ್ಟಿತು. ಆಕ್ಸಿಲರೇಟರ್ ಒತ್ತಿದರು, ಏನೂ ಇಲ್ಲ, ಇನ್ನೂ ಒತ್ತಿದರು, ಒಮ್ಮೆಲೇ ಹಾರಿ ಮೇಲೆ ಹೋಗಿ ಬಿತ್ತು. ನನ್ನ ತಲೆ ರೋಲ್ ಬಾರಿಗೆ ಬಡಿಯಿತು.

"ಹಂಗೆ ಹಾರಿಸಬ್ಯಾಡ ಮಾರಾಯ, ಮುಂದಿನ ಆಕ್ಸಲ್ ಕೈಗೆ ಬರುತ್ತೆ" ಅಂತ ಗೆಳೆಯರು ರೇಡಿಯೋದಲ್ಲಿ ಕೂಗಿದರು.

ಅವರು ಹೇಳಿದ್ದು ಸರಿ. ಮೋಆಬಿನ ಬಂಡೆ ಮರಳುಗಲ್ಲು, ಉಪ್ಪುಕಾಗದದ ಹಾಗೆ ಹಿಡಿಯುತ್ತದೆ. ಮಲೆನಾಡಿನ ಕೆಸರಲ್ಲಿ ಜೋರು ಕೊಟ್ಟರೆ ಟೈರು ಸುಮ್ನೆ ತಿರುಗುತ್ತದೆ, ಆಕ್ಸಲ್ ಉಳಿದುಕೊಳ್ಳುತ್ತದೆ. ಇಲ್ಲಿ ಟೈರು ಜಾರುವುದಿಲ್ಲ, ಹಾಗಾಗಿ ಆ ಏಟೆಲ್ಲ ಆಕ್ಸಲ್ ಶಾಫ್ಟಿಗೆ, ಅದರ ಕೀಲಾದ ಯೂನಿವರ್ಸಲ್ ಜಾಯಿಂಟಿಗೆ ಹೋಗುತ್ತದೆ. ಟೈರು ದೊಡ್ಡದಾದಷ್ಟೂ ಆ ಏಟಿನ ಸನ್ನೆಗೋಲು ಉದ್ದ. ಸ್ಪೋರ್ಟ್ ಮಾಡೆಲ್ಲಿನ ಮುಂದಿನ ಆಕ್ಸಲ್ ಡಾನಾ 30, ರೂಬಿಕಾನಿನದು ಅದಕ್ಕಿಂತ ಗಟ್ಟಿಯಾದ ಡಾನಾ 44. 29 ಇಂಚಿನ ಟೈರಿಗೆ ಡಾನಾ 30 ಧಾರಾಳ ಸಾಕು. 35 ಅಂದರೆ ಅದಕ್ಕೆ ಬಲ ಕೊಡಬೇಕು.

ಕೊಲರಾಡೋ ನದಿ ಕಾಣುವ ಅಂಚಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಅಷ್ಟರಲ್ಲಿ ನಮ್ಮ ಜೀಪಿನ ಗೇರ್‌ಬಾಕ್ಸ್ ಎಣ್ಣೆ ಬಿಸಿಯಾಗಿದೆ ಅಂತ ದೀಪ ಬಂದಿತ್ತು, ತಣ್ಣಗಾಗುವ ತನಕ ಹೇಗೂ ಕೂರಬೇಕು. ಗೆಳೆಯರು ಅಡಿಗೆ ಬಗ್ಗಿ ಮುಂದಿನ ಟೈರಿನ ಒಳ ಅಂಚನ್ನು ಬೆರಳಲ್ಲಿ ಸವರಿ ತೋರಿಸಿದರು. ಹೊರಗಿನ ರಬ್ಬರ್ ಗುಬ್ಬಿಗಳು ಚೂಪಾಗಿವೆ, ಒಳಗಿನವು ಬೋಳು. ಎರಡು ಹೆಜ್ಜೆ ಹಿಂದೆ ಬಂದು ನೋಡಿದರೆ ಚಕ್ರ ಮೇಲ್ಗಡೆ ಒಳಕ್ಕೆ ವಾಲಿತ್ತು. ಆಕ್ಸಲ್ಲಿನ ತುದಿಯಲ್ಲಿ ಬಾಲ್ ಜಾಯಿಂಟ್ ಕೂರುವ ಸಿ ಆಕಾರದ ತುಂಡು ಬಗ್ಗಲು ಶುರುವಾಗಿದೆ ಅಂದರು. ಭಾವ ಚಿತ್ರಾನ್ನ ಕೆಳಗಿಟ್ಟರು.

ಇಳಿಯುವಾಗ ಗೆಳೆಯರ ಜೀಪಿನಲ್ಲಿ ಕೂತೆ. ಕಡಿದಾದ ಇಳಿಜಾರಿನಲ್ಲಿ ಅವರು ಎರಡೂ ಕಾಲು ಪೆಡಲಿನಿಂದ ತೆಗೆದು ಮಡಚಿಕೊಂಡರು, ಗಾಡಿ ತಾನಾಗಿ ಇಳಿಯಿತು. ಹಿಂದೆ ಭಾವನ ಬ್ರೇಕಿನ ವಾಸನೆ ನಮಗೆ ಬರುತ್ತಿತ್ತು. ಮಾಂದಲ್‌ಪಟ್ಟಿಗೆ ಬಾಡಿಗೆ ಜೀಪಿನವರು ಸಪೂರ ಟೈರಿನಲ್ಲಿ ದಿನಾ ಹತ್ತಿ ಇಳಿಯುವುದು ನೆನಪಾಯಿತು. ಅಲ್ಲಿ ಗತ್ತಿಗೆ ಟೈರು ಹಾಕುವವರು ಕಮ್ಮಿ, ಅಲ್ವಾ?

ರಾತ್ರಿ ಕ್ಯಾಂಪಲ್ಲಿ ಪೂರ್ತಿ ಇದೇ ಚರ್ಚೆ. ಹಳೆಯ ಎಳೆತ ಅಷ್ಟೇ ವಾಪಸ್ ಬೇಕು ಅಂದರೆ 3.21 ಗುಣಿಸು 1.19, ಅಂದರೆ 3.82 ಸಾಕು. ಆದರೆ ಟೈರಿನ ತೂಕ, ಲಿಫ್ಟಿನಿಂದ ಹೆಚ್ಚಿದ ಗಾಳಿಯ ತಡೆ, ಕೊಲರಾಡೋದ ಎತ್ತರ ಎಲ್ಲ ಸೇರಿಸಿದರೆ 4.56 ಅಥವಾ 4.88ಕ್ಕೇ ಹೋಗಬೇಕು. 65 ಮೈಲಿ ವೇಗದಲ್ಲಿ ಐದನೇ ಗೇರಿನಲ್ಲಿ ಈಗ ಸುಮಾರು 1660 ಆರ್‌ಪಿಎಂ, 4.56 ಹಾಕಿದರೆ 2360, 4.88 ಆದರೆ 2530. ಬಯಲು ಸೀಮೆಯಲ್ಲಿ ಹೆದ್ದಾರಿಯಲ್ಲೇ ಓಡಿಸುವವರಾದರೆ ನಾನು 4.56 ಅನ್ನುತ್ತೇನೆ. ದಿನಾ ಗುಡ್ಡ ನೋಡುವವರಿಗೆ 4.88. ಭಾವ ಹುರುಪಲ್ಲಿ "5.13 ಹಾಕಿಸಿದರೆ?" ಅಂದರು. ರೇಶಿಯೋ ಏರಿಸಿದಷ್ಟೂ ಪಿನಿಯನ್ ಸಣ್ಣದಾಗುತ್ತದೆ, ಡಾನಾ 30ರಲ್ಲಿ ಮೊದಲೇ ಜಾಗ ಕಮ್ಮಿ, ಹಲ್ಲು ಮುರಿಯುತ್ತದೆ ಅಂತ ಗೆಳೆಯರು ಬೈದರು. ಮತ್ತೆ ಹಿಂದಿನದ್ದು ಮಾತ್ರ ಬದಲಿಸಿ ಮುಂದಿನದ್ದು ಆಮೇಲೆ ಅನ್ನುವ ಹಾಗಿಲ್ಲ. ಎರಡೂ ಒಂದೇ ರೇಶಿಯೋ ಇರದೆ ಫೋರ್ ವೀಲ್ ಹಾಕಿದರೆ ಒಂದನ್ನೊಂದು ಜಗ್ಗಾಡಿ ಏನಾದರೂ ಮುರಿಯುತ್ತದೆ.

ಕೊನೆಗೆ 4.88, ಎರಡೂ ಆಕ್ಸಲ್ಲಿಗೆ. ಮುಂದಿನದನ್ನು ನೆಟ್ಟಗೆ ಮಾಡಿಸಿ, ಆ ಸಿ ತುಂಡಿಗೆ ದಪ್ಪ ತಗಡು ವೆಲ್ಡ್ ಮಾಡಿಸುವುದು. ಹೊಸ ಗೇರ್ ಹಾಕಿದ ಮೇಲೆ ಮೊದಲ ಸಲ ಹದಿನೈದಿಪ್ಪತ್ತು ನಿಮಿಷ ಓಡಿಸಿ ಪೂರ್ತಿ ತಣ್ಣಗಾಗಲು ಬಿಡಬೇಕು, 500 ಮೈಲಿಗೆ ಎಣ್ಣೆ ಬದಲಿಸಬೇಕು. ಅಲ್ಲಿಯವರೆಗೆ ಏನನ್ನೂ ಎಳೆಯಬಾರದು.

ಗ್ಯಾರೇಜಿನವರು ಮುಂದಿನ ತಿಂಗಳ ತಾರೀಖು ಕೊಟ್ಟಿದ್ದಾರೆ. ಅಷ್ಟರವರೆಗೆ ಭಾವ ಹಳೆಯ 29 ಇಂಚಿನ ಟೈರನ್ನೇ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದಾರೆ. ಲಿಫ್ಟ್ ಮಾಡಿದ ಜೀಪಿಗೆ ಆ ಪುಟ್ಟ ಟೈರು ನೋಡಿ ಅಕ್ಕ ನಗುತ್ತಾಳೆ. ಗುಡ್ಡ ಮಾತ್ರ ಚೆನ್ನಾಗಿ ಹತ್ತುತ್ತಿದೆಯಂತೆ.