ಲೆಕ್ಕ ಸರಿ ಇದ್ದರೆ ಯಾರೂ ಮಾತಾಡಲ್ಲ

ಸರ್ಕಾರಿ ಕಚೇರಿಯ ಲೆಕ್ಕಪತ್ರ ಶಾಖೆಯವರು ಯಾಕಿಷ್ಟು ಸುಸ್ತಾಗಿರುತ್ತಾರೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: ಕೆಲಸ ಜಾಸ್ತಿ, ಜನ ಕಡಿಮೆ. ಅದು ನಿಜವೇ. ಆದರೆ ಗದಗದಲ್ಲಿ ಇಷ್ಟು ವರ್ಷ ಕ್ಯಾಶ್‌ಬುಕ್ಕು, ವೋಚರು ಅಂತ ಕೂತ ಮೇಲೆ ನನಗೆ ಅನಿಸಿದ್ದು ಬೇರೆ. ಮಾಡಿದ ಕೆಲಸ ಸರಿಯಾಗಿದೆ ಅಂತ ಒಬ್ಬರೂ ಹೇಳದೇ ಇರುವುದೇ ನಮ್ಮನ್ನು ಹೆಚ್ಚು ದಣಿಸುತ್ತದೆ.

ಪಗಾರ ಸರಿಯಾದ ದಿನಕ್ಕೆ ಆದರೆ ಯಾರಿಗೂ ನಮ್ಮ ನೆನಪಾಗಲ್ಲ. ಒಂದು ದಿನ ತಡವಾದರೆ ಬೆಳಿಗ್ಗೆಯೇ ಫೋನು: "ಏನ್ರೀ, ಬಿಲ್ ಇನ್ನೂ ಕಳಿಸಿಲ್ಲೇನು?" ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆ ಖಜಾನೆ-2ರಲ್ಲಿ ಬಿಲ್ ಹಾಕುವಾಗ, ಖರ್ಚು ಯಾವ ಬಾಬ್ತಿನದು ಅಂತ ತೋರಿಸುವ 15 ಅಂಕಿಯ ಲೆಕ್ಕ ಶೀರ್ಷಿಕೆಯ ಕೊನೆಯಲ್ಲಿ 051ರ ಬದಲು 059 ಬಿದ್ದರೆ ಸಾಕು, ಆಕ್ಷೇಪಣೆ ಹಾಕಿ ವಾಪಸ್. ವರ್ಷವಿಡೀ ಸುಮ್ನೆ ಪಾಸಾದ ಬಿಲ್ಲುಗಳ ಬಗ್ಗೆ ಒಂದು ಸಾಲಿನ ಕಾಗದವೂ ಬರುವುದಿಲ್ಲ. ಆಡಿಟ್ ಪ್ಯಾರಾ (ಲೆಕ್ಕ ತಪಾಸಣೆಯವರು ಬರೆದಿಟ್ಟ ಆಕ್ಷೇಪಣೆ) ಮಾತ್ರ ವರ್ಗವಾಗಿ ಬೇರೆ ತಾಲ್ಲೂಕಿಗೆ ಹೋದರೂ ಬೆನ್ನು ಬಿಡಲ್ಲ. ನಿವೃತ್ತಿ ಹತ್ತಿರ ಬಂದಾಗ ಬಾಕಿ ಏನೂ ಇಲ್ಲ ಅನ್ನುವ ಬೇಬಾಕಿ ಪ್ರಮಾಣಪತ್ರಕ್ಕಾಗಿ ಹಳೇ ಕಚೇರಿಗಳಿಗೆ ಅಲೆಯುವ ಹಿರಿಯರನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಜನರನ್ನು ಮಾತಾಡಿಸಿ 1959ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಜನ ಯಾರು ಗೊತ್ತಾ? ಎಂಜಿನಿಯರುಗಳು ಮತ್ತು ಅಕೌಂಟೆಂಟರು. ಸಂಬಳ, ನಿಯಮ, ಮೇಲಧಿಕಾರಿಯ ನಡವಳಿಕೆ ಕೆಟ್ಟರೆ ಬೇಸರ ಹುಟ್ಟುತ್ತದೆ, ಆದರೆ ಅವು ಸರಿಹೋದ ಮಾತ್ರಕ್ಕೆ ಹುರುಪು ಬರಲ್ಲ, ಕೆಲಸ ಕೈಗೂಡಿದಾಗ, ಅದನ್ನು ಯಾರಾದರೂ ಗುರುತಿಸಿದಾಗ, ನಂಬಿ ಜವಾಬ್ದಾರಿ ಕೊಟ್ಟಾಗ ಬರುತ್ತದೆ ಅಂತ ಅವರು ಹೇಳಿದ್ದು. ಆಮೇಲೆ ಬಂದವರು ಇದನ್ನು ಪ್ರಶ್ನಿಸಿದ್ದಾರೆ. ಆದರೂ ನನಗೆ ಇದರಲ್ಲಿ ನಮ್ಮ ಶಾಖೆಯೇ ಕಾಣುತ್ತದೆ. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಸಂಬಳ ಬಂತು, ಮನೆ ಸಾಲದ ಕಂತಿಗೆ ಅನುಕೂಲವಾಯಿತು. ಬೆಳಿಗ್ಗೆ ಕಚೇರಿ ಮೆಟ್ಟಿಲು ಹತ್ತುವಾಗಿನ ಭಾರ ಮಾತ್ರ ಇಳಿಯಲಿಲ್ಲ.

ಮಾರ್ಚ್ ಬಂದರಂತೂ ಕೇಳಲೇಬೇಡಿ. ಅನುದಾನ ಬರುವುದು ಕೊನೇ ವಾರದಲ್ಲಿ, 31ರೊಳಗೆ ಬಿಲ್ ಆಗದಿದ್ದರೆ ಲ್ಯಾಪ್ಸ್, ಆ ದುಡ್ಡು ಕೈತಪ್ಪಿತು. ಒಮ್ಮೆ ಹೀಗೇ ರಾತ್ರಿ ಕೂತಾಗ ಪಕ್ಕದ ಟೇಬಲ್ಲಿನ ಹುಡುಗ ಪೆನ್ನು ಕೆಳಗಿಟ್ಟು, "ಕಣ್ಣು ಮುಚ್ಚಿದ್ರ ಅಂಕಿನ ಬರ್ತಾವ್ರಿ ಸರ, ನಿದ್ದಿನ ಇಲ್ಲ" ಅಂದ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ ಬಾರಪ್ಪ ಅಂದರೆ ಮುಖ ಸಣ್ಣ ಮಾಡಿಕೊಂಡ. ಯಾರಾದರೂ ನೋಡಿದರೆ ಹುಚ್ಚ ಅಂತಾರೆ ಅನ್ನೋ ಹೆದರಿಕೆ. ನಮ್ಮ ಕಡೆ ಈ ಹೆದರಿಕೆ ಇನ್ನೂ ಹೋಗಿಲ್ಲ. ಅಂಥವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕೆಲಸದ ಒತ್ತಡದಿಂದ ಹೀಗೆ ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತನ್ನ ರೋಗ ವರ್ಗೀಕರಣದ ಪಟ್ಟಿಗೆ ಸೇರಿಸಿದೆ, ಅದೂ ಕಾಯಿಲೆ ಅಂತಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಅಂತ. ಅಂದಮೇಲೆ ಇದು ಬರೀ ಆ ಹುಡುಗನ ಸಮಸ್ಯೆ ಅಲ್ಲ, ಕಚೇರಿಯದ್ದೂ ಹೌದು ಅಲ್ವಾ?

ಅದಕ್ಕೇ ಅಧಿಕಾರಿಗಳಿಗೆ ನನ್ನ ಕೇಳಿಕೆ ದೊಡ್ಡದೇನಲ್ಲ. ಏಪ್ರಿಲ್ ಮೊದಲ ವಾರ ಶಾಖೆಯವರನ್ನು ಒಮ್ಮೆ ಕರೆದು, ಕೊನೇ ದಿನ ಬಿಲ್ಲುಗಳು ಹೇಗೆ ಪಾಸಾದವು ಅಂತ ಕೇಳಿ. ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವಾಗ ಜೊತೆಗೆ ಕೂರಿ. ಹಿಂದಿನ ಸಾಹೇಬರು ಸಹಿ ಹಾಕಿದ ವೋಚರಿಗೆ ನಿನ್ನೆ ಬಂದ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಒಬ್ಬನೇ ಏನಂತ ಉತ್ತರ ಕೊಡಬೇಕು?