ಹೇಳಿಕೊಡುವಷ್ಟು ಗೊತ್ತಾಯಿತಲ್ಲ

ಕೋರ್ಸ್ ಮುಗಿದ ಮೇಲೆ ವಿದ್ಯಾರ್ಥಿಗಳು ಬರೆದ ಅಭಿಪ್ರಾಯಗಳು ಹೋದ ಶುಕ್ರವಾರ ಕೈಗೆ ಬಂದವು. ಹೆಚ್ಚಿನವು ಒಳ್ಳೆಯವೇ. ಆದರೆ ಮನಸ್ಸು ಹೋಗಿ ಕೂತದ್ದು ಒಂದೇ ಸಾಲಿನ ಮೇಲೆ: "ಟೀಚರ್ ಪಾಠ ಮಾಡಲಿಲ್ಲ, ನಾವೇ ಒಬ್ಬರಿಗೊಬ್ಬರು ಹೇಳಿಕೊಡಬೇಕಾಯಿತು."

ಆ ಪಾಠಗಳಿಗಾಗಿ ಎಷ್ಟು ರಾತ್ರಿ ಎಚ್ಚರವಿದ್ದೆನೋ ನನಗೇ ಗೊತ್ತು. ಒಂದೊಂದು ಪ್ರಶ್ನೆಯನ್ನೂ ಮೂರು ಮೂರು ಸಲ ತಿದ್ದಿದ್ದೆ. ಬೇಜಾರು ತಡೆಯಲಾಗದೆ ಸಂಜೆ ಆ ಸಾಲನ್ನು ಇವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಹತ್ತು ವರ್ಷದ ಮಗಳು ತಲೆ ಎತ್ತದೆಯೇ ಕೇಳಿದಳು:

"ಹಾಗಾದ್ರೆ ಹೇಳಿಕೊಡೋ ಅಷ್ಟು ಗೊತ್ತಾಯ್ತಲ್ವಾ ಅಮ್ಮ ಅವ್ರಿಗೆ?"

ಕೇಳಿ ತನ್ನ ಲೆಕ್ಕಕ್ಕೆ ಮರಳಿದಳು. ನನ್ನನ್ನು ಆ ಮಾತು ಇವತ್ತಿನವರೆಗೂ ಬಿಟ್ಟಿಲ್ಲ.

ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರಿಗೆ ನಾನು ಮೆಕ್ಯಾನಿಕ್ಸ್, ಅಂದರೆ ಬಲ ಮತ್ತು ಚಲನೆಯ ಭೌತಶಾಸ್ತ್ರ, ಹೇಳಿಕೊಡುತ್ತೇನೆ. ಮೊದಲ ಮೂರು ವರ್ಷ ನಾನೂ ಬೋರ್ಡಿನ ಮುಂದೆ ನಿಂತು ಎರಡೆರಡು ಗಂಟೆ ಮಾತಾಡಿದವಳೇ. ಚೆನ್ನಾಗಿ ವಿವರಿಸುತ್ತೀರಿ ಅನ್ನುತ್ತಿದ್ದರು, ಪಾಸೂ ಆಗುತ್ತಿದ್ದರು. ಒಂದು ದಿನ, ನ್ಯೂಟನ್ನನ ಮೂರನೆಯ ನಿಯಮ ಮುಗಿಸಿ ಲೆಕ್ಕಗಳನ್ನೂ ಬಿಡಿಸಿಯಾದ ಮೇಲೆ, ಸುಮ್ಮನೆ ಕೇಳಿದೆ: ಒಂದು ಲಾರಿ, ಒಂದು ಸಣ್ಣ ಕಾರು ಎದುರುಬದುರು ಡಿಕ್ಕಿ ಹೊಡೆದರೆ ಯಾವುದು ಇನ್ನೊಂದರ ಮೇಲೆ ಹೆಚ್ಚು ಬಲ ಹಾಕುತ್ತದೆ? ಅರ್ಧಕ್ಕಿಂತ ಹೆಚ್ಚು ಕೈಗಳು ಲಾರಿಯ ಪರ ಎದ್ದವು. ಎರಡೂ ಸಮ ಎಂಬುದನ್ನು ಅವರೇ ಐದು ನಿಮಿಷದ ಹಿಂದೆ ಪುಸ್ತಕದಲ್ಲಿ ಬರೆದುಕೊಂಡಿದ್ದರು.

ಇದು ನನ್ನೊಬ್ಬಳ ಕ್ಲಾಸಿನ ಕಥೆಯಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದ ಅರಿಜೋನಾದಲ್ಲಿ ಭೌತಶಾಸ್ತ್ರಜ್ಞ ಡೇವಿಡ್ ಹೆಸ್ಟೆನೆಸ್ ಮತ್ತು ಜೊತೆಗಾರರು 1980ರ ದಶಕದಲ್ಲೇ, ಸೂತ್ರವಿಲ್ಲದೆ ಸಾದಾ ಮಾತಿನಲ್ಲಿ ಉತ್ತರಿಸಬಹುದಾದ ಇಂಥ ಪ್ರಶ್ನೆಗಳನ್ನು ಕಟ್ಟಿದ್ದರು. ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ ಆ ಪ್ರಶ್ನೆಗಳನ್ನು ತಮ್ಮ ಕ್ಲಾಸಿಗೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ: ನೀವು ಹೇಳಿಕೊಟ್ಟ ಹಾಗೆ ಬರೆಯಲೋ, ನಾನು ಅಂದುಕೊಂಡಿರುವ ಹಾಗೆ ಬರೆಯಲೋ? ಆಮೇಲೆ, 1991ರಿಂದ, ಅವರು ಕ್ಲಾಸನ್ನೇ ಬೇರೆ ರೀತಿ ನಡೆಸತೊಡಗಿದರು. ಒಂದು ಪ್ರಶ್ನೆ ಕೊಡುವುದು, ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ ಉತ್ತರ ಆರಿಸುವುದು, ಬೇರೆ ಉತ್ತರ ಆರಿಸಿದ ಪಕ್ಕದವರ ಜೊತೆ ವಾದಿಸುವುದು, ಮತ್ತೆ ಆರಿಸುವುದು. ಕೊನೆಯಲ್ಲಿ ಮಾತ್ರ ಮೇಷ್ಟರ ಮಾತು. ನಾನೂ ಈಗ ಕ್ಲಾಸು ನಡೆಸುವುದು ಹೀಗೇ. ಈಗಷ್ಟೇ ಅರ್ಥ ಮಾಡಿಕೊಂಡವರಿಗೆ ತಾವು ಎಲ್ಲಿ ತೊಡರಿಬಿದ್ದಿದ್ದೆವು ಅನ್ನುವುದು ಹಸಿಯಾಗಿ ನೆನಪಿರುತ್ತದೆ. ಇಪ್ಪತ್ತು ವರ್ಷದಿಂದ ಅದನ್ನೇ ಪಾಠ ಮಾಡುವವರಿಗೆ ಆ ಜಾಗ ಮರೆತೇಹೋಗಿರುತ್ತದೆ.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಹಾರ್ವರ್ಡ್ ಅಲ್ಲ, ನಮ್ಮ ಹಾಸ್ಟೆಲಿನ ಮೆಟ್ಟಿಲು. ಪರೀಕ್ಷೆಯ ಮುಂಚಿನ ರಾತ್ರಿಗಳ ಕಂಬೈನ್ಡ್ ಸ್ಟಡಿ. ಏಳೆಂಟು ಹುಡುಗಿಯರ ನಡುವೆ ನನ್ನ ರೂಮ್‌ಮೇಟ್. ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಕಾಮಾ, ಫುಲ್‌ಸ್ಟಾಪ್ ಸಮೇತ ನೋಟ್ಸ್ ಹೇಳುತ್ತಿದ್ದರು. ಒಂದು ದಿನವೂ ಕ್ಲಾಸು ತಪ್ಪಿಸಿದವರಲ್ಲ, ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಪಾಠ ಅರ್ಥವಾಗುತ್ತಿದ್ದದ್ದು ಮೆಟ್ಟಿಲ ಮೇಲೆ. ಇದೇ ಮೂರನೆಯ ನಿಯಮಕ್ಕೆ ಅವಳು ನಮ್ಮಲ್ಲಿ ಎಲ್ಲರಿಗಿಂತ ದಪ್ಪಗಿದ್ದವಳನ್ನೂ ತೆಳ್ಳಗಿದ್ದವಳನ್ನೂ ಎದುರೆದುರು ನಿಲ್ಲಿಸಿ, ಅಂಗೈಗೆ ಅಂಗೈ ಕೊಟ್ಟು ತಳ್ಳಿಸಿದಳು. ತೆಳ್ಳಗಿದ್ದವಳು ಹಿಂದೆ ಸರಿದಳು. "ಯಾರ ಅಂಗೈಗೆ ಜಾಸ್ತಿ ಒತ್ತಿತು ಹೇಳಿ" ಅಂದಳು ನನ್ನ ರೂಮ್‌ಮೇಟ್. ಇಬ್ಬರಿಗೂ ಅಷ್ಟೇ. "ಬಲ ಒಂದೇ ಕಣ್ರೇ. ಇವಳು ಹಗುರ, ಅದಕ್ಕೆ ಇವಳು ಸರಿದಳು." ಲಾರಿ ಮತ್ತು ಕಾರಿನ ಉತ್ತರವೂ ಅದೇ. ನಜ್ಜುಗುಜ್ಜಾಗುವುದು ಕಾರು, ಬಲ ಮಾತ್ರ ಸಮ.

ಪರೀಕ್ಷೆಯಲ್ಲಿ ನಿಯಮವನ್ನು ನಿರೂಪಿಸಿ ಅಂತ ಬಂತು. ನಾನು ನೋಟ್ಸಿನ ವಾಕ್ಯಗಳನ್ನು ಉರು ಹೊಡೆದು ಇಳಿಸಿದೆ. ಅವಳು ತನ್ನ ಮಾತಿನಲ್ಲಿ ಬರೆದಳು. ನನಗೆ ಫಸ್ಟ್ ಕ್ಲಾಸ್ ಬಂತು, ಅವಳಿಗೆ ಬರಲಿಲ್ಲ. ಮರುವರ್ಷ ಅವಳ ಓದು ನಿಂತಿತು. ಮನೆಯಲ್ಲಿ ಬೇರೆ ಕಾರಣಗಳೂ ಇದ್ದವು, ಆದರೆ ಓದು ನಿಲ್ಲಿಸಬೇಕೆಂದಿದ್ದವರ ಕೈಗೆ ಆ ಅಂಕಗಳೇ ನೆಪ ಕೊಟ್ಟವು.

ಇದೇ ದೇಶದ ಗೋಥೆನ್‌ಬರ್ಗ್‌ನಲ್ಲಿ ಶಿಕ್ಷಣ ಸಂಶೋಧಕರಾದ ಫೆರೆನ್ಸ್ ಮಾರ್ಟನ್ ಮತ್ತು ರೋಜರ್ ಸಾಲ್ಯೊ 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟು, ಹೇಗೆ ಓದಿದಿರಿ ಎಂದು ವಿಚಾರಿಸಿದರು. ಕೆಲವರು ಬರೆದವನು ಏನು ಹೇಳಲು ಹೊರಟಿದ್ದಾನೆಂದು ಹುಡುಕಿದ್ದರು. ಉಳಿದವರು ಮುಂದೆ ಕೇಳಬಹುದಾದ ಪ್ರಶ್ನೆಗಳನ್ನು ನೆನೆದು ಪದಗಳಿಗೆ ಜೋತುಬಿದ್ದಿದ್ದರು. ಒಬ್ಬರೇ ವಿದ್ಯಾರ್ಥಿ, ಯಾವ ಥರದ ಪ್ರಶ್ನೆ ಬರುತ್ತದೆಂದು ಎಣಿಸುತ್ತಾರೋ ಅದಕ್ಕೆ ತಕ್ಕಂತೆ ಓದುವ ರೀತಿಯನ್ನೇ ಬದಲಿಸಿಕೊಳ್ಳಬಹುದು ಅನ್ನುವುದೂ ಅವರಿಗೆ ಕಂಡಿತು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ಅಳು ಬಂದಿತ್ತು. ನಾನು ಜಾಣೆ, ಅವಳು ದಡ್ಡಿ ಎಂದು ತೀರ್ಮಾನಿಸಿದ್ದು ಆ ಪ್ರಶ್ನೆಪತ್ರಿಕೆ.

ನನಗೆ ನೋವು ಮಾಡಿದ ಆ ಸಾಲಿಗೂ ಕಾರಣವಿದೆ. 2014ರಲ್ಲಿ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕೋರ್ಸುಗಳಲ್ಲಿ ಬರೀ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ ಸುಮಾರು 34 ಮಂದಿ ಫೇಲಾದರೆ, ಕ್ಲಾಸಿನಲ್ಲೇ ತಲೆ ಓಡಿಸಿ ಕೆಲಸ ಮಾಡಿದವರಲ್ಲಿ ಸುಮಾರು 22 ಮಂದಿ. 2019ರಲ್ಲಿ ಹಾರ್ವರ್ಡ್‌ನಿಂದಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ಹೀಗೆ ಕಲಿತವರು ಟೆಸ್ಟಿನಲ್ಲಿ ಹೆಚ್ಚು ಅಂಕ ಪಡೆದರೂ ತಾವು ಕಡಿಮೆ ಕಲಿತೆವೆಂದೇ ಹೇಳಿದರು. ತಲೆಗೆ ಶ್ರಮವಾದಾಗ ಪಾಠ ಸರಿಯಿಲ್ಲ ಅನ್ನಿಸುತ್ತದೆ, ನಿರರ್ಗಳ ಉಪನ್ಯಾಸ ಕೇಳಿದಾಗ ಎಲ್ಲ ತಿಳಿದಂತೆ ಹಿತವಾಗುತ್ತದೆ. ಹೀಗೇಕೆ ಪಾಠ ಮಾಡುತ್ತಿದ್ದೇನೆಂದು ನಾನು ಮೊದಲ ವಾರದಲ್ಲೇ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ, ತಪ್ಪು ನನ್ನದು. ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿ ಸುಮ್ಮನಾಗುವಂತಿಲ್ಲ, ಅದರಿಂದ ಏನು ತೀರ್ಮಾನವಾಯಿತೆಂದೂ ತಿಳಿಸಬೇಕು ಎಂಬ ನಿಯಮ ಇಲ್ಲಿದೆ. ಈ ಸಲ ನಾನು ಬರೆಯುವುದು ಇದನ್ನೇ.

ಊರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ಸಹಪಾಠಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಸಿಲಬಸ್ ಮುಗ್ಸೋದೇ ಕಷ್ಟ ಕಣೇ, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಪ್ರಯೋಗ ಮಾಡಿ ಸೋತರೂ ಕೆಲಸ ಉಳಿಯುತ್ತದೆಂಬ ಧೈರ್ಯ ನನಗಿದೆ, ಅವಳಿಗಿಲ್ಲ. ಅವಳು ನನಗಿಂತ ಕಡಿಮೆ ಟೀಚರ್ ಅಲ್ಲ.

ಆ ರೂಮ್‌ಮೇಟ್‌ಗೂ ನಿನ್ನೆ ವಾಯ್ಸ್ ಮೆಸೇಜ್ ಕಳಿಸಿದೆ. ನಿನ್ನ ಅಂಗೈ ಪಾಠವನ್ನು ಇಲ್ಲಿ ಪ್ರತಿ ವರ್ಷ ಮಾಡಿಸುತ್ತೇನೆ, ಲಾರಿಯ ಪರ ಎದ್ದ ಕೈಗಳು ಇಳಿಯುತ್ತವೆ ಎಂದೆ. ರಾತ್ರಿ ಉತ್ತರ ಬಂತು.

"ಆವತ್ತು ಎಲ್ರೂ ಒಂದೇ ಸಲಕ್ಕೆ ಹೂಂ ಅಂದ್ಬಿಟ್ರು. ನೀನೊಬ್ಳೇ ನಂಬ್ದೆ ಮೂರು ಸಲ ತಳ್ಳಿಸ್ದೆ, ನೆನಪಿದ್ಯೇನೇ? ಮಗಳು ಈಗ ಎಷ್ಟನೇ ಕ್ಲಾಸು?"